ಕರಪತ್ರ ಕನ್ನಡದಲ್ಲಿ, ಕರಾರು ಇಂಗ್ಲಿಷಿನಲ್ಲಿ!

ಕನ್ನಡಿಗರೇ, ನಿಮ್ಮೂರಿನ ಬಸ್ ನಿಲ್ದಾಣದ ಕಂಬಗಳನ್ನು ಒಮ್ಮೆ ಕಣ್ಣುಬಿಟ್ಟು ನೋಡಿ. ಮೂಲವ್ಯಾಧಿ ಔಷಧಿಯ ಚೀಟಿಯ ಪಕ್ಕದಲ್ಲೇ ಇನ್ನೊಂದು ಚೀಟಿ ಅಂಟಿಕೊಂಡಿರುತ್ತದೆ. 'ವಿದೇಶದಲ್ಲಿ ಉದ್ಯೋಗ! ಪದವೀಧರರಿಗೆ ಸುವರ್ಣಾವಕಾಶ! ವೀಸಾ ಗ್ಯಾರಂಟಿ! ಇಂದೇ ಸಂಪರ್ಕಿಸಿ!' ಎಲ್ಲ ಅಚ್ಚ ಕನ್ನಡ. ನಮ್ಮ ಸರ್ಕಾರಿ ಬೋರ್ಡುಗಳಲ್ಲಿ ಕಾಣದ ಶುದ್ಧ ಕಾಗುಣಿತ. ಹೊಟ್ಟೆಪಾಡಿನ ಕನ್ನಡ ಎಂದರೆ ಹೀಗಿರಬೇಕು!

ಈಗ ಆ ಚೀಟಿಯಲ್ಲಿರುವ ವಿಳಾಸಕ್ಕೆ ಹೋಗಿ. ಮಹಡಿ ಹತ್ತಿ ಗಾಜಿನ ಬಾಗಿಲು ತಳ್ಳಿ. ಟೈ ಕಟ್ಟಿದ ಹುಡುಗನೊಬ್ಬ ಎಂಟು ಪುಟದ ಕಾಗದ ಮುಂದಿಟ್ಟು, ಪೆನ್ನು ಕೈಗಿತ್ತು, 'ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸೈನ್ ಮಾಡಿ ಸಾರ್' ಎನ್ನುತ್ತಾನೆ. ಆ ಎಂಟು ಪುಟದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಹುಡುಕಿಕೊಡಿ ನೋಡೋಣ!

ಕರೆಯುವುದಕ್ಕೆ ಕನ್ನಡ ಬೇಕು, ಕಟ್ಟಿಹಾಕುವುದಕ್ಕೆ ಇಂಗ್ಲಿಷ್ ಬೇಕು. ಗಾಳಕ್ಕೆ ಸಿಕ್ಕಿಸಿದ ಎರೆಹುಳ ಕನ್ನಡದ್ದು, ಒಳಗಿನ ಕೊಕ್ಕೆ ಇಂಗ್ಲಿಷಿನದು. ಕೆಲಸಕ್ಕೆಂದು ಪರದೇಶಕ್ಕೆ ಹೊರಟ ಕನ್ನಡದ ಹುಡುಗ ಹುಡುಗಿಯರಿಗೆ ಆಗುತ್ತಿರುವ ಅನ್ಯಾಯದ ಬೇರು ಇಲ್ಲಿದೆ. ಏಜೆಂಟರ ದುರಾಸೆ ಇದ್ದದ್ದೇ. ಆ ದುರಾಸೆಗೆ ಕತ್ತಲೆ ಒದಗಿಸಿಕೊಟ್ಟಿರುವುದು ಭಾಷೆ.

ನಾನು ಮುದ್ರಣಾಲಯ ನಡೆಸುವವನು. ಇಂಥ ಕರಪತ್ರ ಅಚ್ಚು ಹಾಕಿಸಲು ವರ್ಷಕ್ಕೆ ನಾಲ್ಕಾರು ಮಂದಿ ನಮ್ಮ ಪ್ರೆಸ್ಸಿಗೆ ಬರುತ್ತಾರೆ. ನಾನು ಹೇಳುವುದು ಎರಡೇ ಮಾತು. ಒಂದು, ನಿಮ್ಮ ನೋಂದಣಿ ಸಂಖ್ಯೆ ಕೊಡಿ, ಕರಪತ್ರದ ಕೆಳಗೆ ಹಾಕುತ್ತೇನೆ. ಎರಡು, ಗಿರಾಕಿಯಿಂದ ರುಜು ಹಾಕಿಸಿಕೊಳ್ಳುವ ಕರಾರನ್ನೂ ಕನ್ನಡದಲ್ಲಿ ಮಾಡಿಸಿ, ಡಿಟಿಪಿ ಖರ್ಚು ನನಗಿರಲಿ. ಮೊದಲ ಮಾತಿಗೆ ಮುಖ ಕಿವುಚುತ್ತಾರೆ. ಎರಡನೇ ಮಾತಿಗೆ ಎದ್ದು ಹೋಗುತ್ತಾರೆ. ಐದು ಸಾವಿರ ಕರಪತ್ರದ ಆರ್ಡರ್ ಹೋಯಿತು. ಹೋಗಲಿ! ಆದರೆ ಅವರು ಎದ್ದು ಹೋದ ರೀತಿಯಲ್ಲೇ ಉತ್ತರ ಇದೆಯಲ್ಲ! ಕನ್ನಡದ ಕರಾರಿಗೆ ಹೆದರುವವನು ಇಂಗ್ಲಿಷ್ ಕರಾರಿನಲ್ಲಿ ಏನೋ ಬಚ್ಚಿಟ್ಟಿದ್ದಾನೆ ಎಂದೇ ಅರ್ಥ.

ಒಂದು ಯೋಜನೆಯನ್ನು ಕನ್ನಡದಲ್ಲಿ ಓದಿ ನೋಡಿ

ಸುಮ್ಮನೆ ಬೈದರೆ ಸಾಲದು. ಒಂದು ಉದಾಹರಣೆ ಹಿಡಿದು ನೋಡೋಣ.

2021ರ ಮೇ 4ರಂದು ಭಾರತ ಮತ್ತು ಬ್ರಿಟನ್ ಸರ್ಕಾರಗಳು ವಲಸೆಯ ಬಗ್ಗೆ ಒಂದು ಒಪ್ಪಂದಕ್ಕೆ ರುಜು ಹಾಕಿದವು. ಅದರ ಫಲವಾಗಿ 2023ರ ಫೆಬ್ರುವರಿಯಲ್ಲಿ 'ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್' ಶುರುವಾಯಿತು. ಭಾರತದ ಯುವ ಪದವೀಧರರು ಎರಡು ವರ್ಷ ಬ್ರಿಟನ್ನಿನಲ್ಲಿ ಇದ್ದು ದುಡಿಯಲು ಪರವಾನಗಿ. ವರ್ಷಕ್ಕೆ 3,000 ಮಂದಿಗೆ. ಇಡೀ ಭಾರತಕ್ಕೆ 3,000! ನಮ್ಮ ಒಂದು ದೊಡ್ಡ ಕಾಲೇಜಿನ ಮಕ್ಕಳ ಸಂಖ್ಯೆ ಅಷ್ಟಿರುತ್ತದೆ.

ಯಾರಿಗೆ ಸಿಗುತ್ತದೆ? ವಯಸ್ಸು 18ರಿಂದ 30ರೊಳಗಿರಬೇಕು. ಕನಿಷ್ಠ ಪದವಿ ಆಗಿರಬೇಕು. ಹದಿನೆಂಟು ತುಂಬದ ಮಕ್ಕಳು ಜೊತೆಯಲ್ಲಿ ವಾಸವಿರಬಾರದು, ನಿಮ್ಮ ದುಡಿಮೆಯನ್ನು ನಂಬಿಕೊಂಡಿರಲೂಬಾರದು. ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಇದೇ ಪರವಾನಗಿಯ ಮೇಲೆ ಕರೆದೊಯ್ಯುವಂತಿಲ್ಲ. ಬ್ಯಾಂಕಿನಲ್ಲಿ 2,530 ಪೌಂಡ್ ಉಳಿತಾಯ ಇರಬೇಕು. ಅಂದರೆ ಹತ್ತಿರ ಹತ್ತಿರ ಮೂರು ಲಕ್ಷ ರೂಪಾಯಿ. ಅದೂ ಒಂದು ದಿನ ಬಂದು ಹೋದ ಹಣವಲ್ಲ, ಸತತ 28 ದಿನ ಖಾತೆಯಲ್ಲಿ ಕೂತಿರಬೇಕು. ಕ್ಷಯರೋಗ ಇಲ್ಲವೆಂಬ ಪರೀಕ್ಷೆಯ ಪತ್ರ ಬೇಕು.

ಹೇಗೆ ಸಿಗುತ್ತದೆ? ಚೀಟಿ ಎತ್ತುತ್ತಾರೆ! ನಮ್ಮ ಊರುಗಳಲ್ಲಿ ಗದ್ದೆಯ ಪಾಲು ಮಾಡುವಾಗ ಎತ್ತುವ ಹಾಗೆಯೇ. 2023ರಿಂದ 2025ರವರೆಗೆ ಪ್ರತಿ ವರ್ಷ ಫೆಬ್ರುವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಎರಡೆರಡು ದಿನ ಬಾಗಿಲು ತೆರೆದರು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟಿನ ವಿವರ, ಅದರ ಒಂದು ಪ್ರತಿ, ಫೋನ್ ನಂಬರ್, ಇ-ಮೇಲ್ ಇಷ್ಟು ಕೊಟ್ಟರೆ ಮುಗಿಯಿತು. ಇದಕ್ಕೆ ಶುಲ್ಕ ಎಷ್ಟು ಗೊತ್ತೇ? ಸೊನ್ನೆ. ಪುಗಸಟ್ಟೆ! ಒಂದು ಸಲಕ್ಕೆ ಒಬ್ಬರಿಗೆ ಒಂದೇ ಅರ್ಜಿ. ಯಾರ ಚೀಟಿ ಬರುತ್ತದೋ ಅವರಿಗೆ ಇ-ಮೇಲ್ ಬರುತ್ತದೆ. ಅವರು ಮಾತ್ರ ಮುಂದೆ ವೀಸಾ ಅರ್ಜಿ ಹಾಕಬಹುದು. ಬರದಿದ್ದವರು ಮೇಲ್ಮನವಿ ಸಲ್ಲಿಸುವಂತಿಲ್ಲ, ಮುಂದಿನ ಸಲ ಮತ್ತೆ ನೋಡಬೇಕು.

ಖರ್ಚು ಶುರುವಾಗುವುದು ಆಮೇಲೆ. 2025ರಲ್ಲಿ ಅರ್ಜಿ ಶುಲ್ಕ 319 ಪೌಂಡ್ ಇತ್ತು. ಆರೋಗ್ಯ ಸೇವೆಯ ಹೆಸರಲ್ಲಿ ವರ್ಷಕ್ಕೆ 776ರಂತೆ ಎರಡು ವರ್ಷಕ್ಕೆ 1,552 ಪೌಂಡ್. ಎರಡೂ ಸೇರಿ ಎರಡು ಲಕ್ಷ ರೂಪಾಯಿ ದಾಟುತ್ತದೆ. ಉಳಿತಾಯ ತೋರಿಸುವ ಮೂರು ಲಕ್ಷ ಬೇರೆ, ವಿಮಾನದ ಟಿಕೆಟ್ ಬೇರೆ. ಕೆಲಸ ಹುಡುಕಿಕೊಳ್ಳುವುದು ನಿಮ್ಮ ಪಾಡು, ಯಾರೂ ಕೆಲಸ ಕೊಟ್ಟು ಕರೆಸಿಕೊಳ್ಳುವುದಿಲ್ಲ. ಎರಡು ವರ್ಷ ಮುಗಿದ ಮೇಲೆ ಈ ಪರವಾನಗಿಯನ್ನು ಮುಂದುವರಿಸುವಂತಿಲ್ಲ. ಗಂಟುಮೂಟೆ ಕಟ್ಟಬೇಕು.

ಇಷ್ಟೇ ವಿಷಯ. ನಾಲ್ಕು ಪ್ಯಾರಾದಲ್ಲಿ ಕನ್ನಡದಲ್ಲಿ ಹೇಳಿ ಮುಗಿಸಿದೆ. ಪಿಯುಸಿ ಓದಿದ ಮುದ್ರಕನೊಬ್ಬ ಹೇಳಬಹುದಾದದ್ದನ್ನು ದೆಹಲಿಯ ಐಎಎಸ್, ಐಎಫ್‌ಎಸ್ ದೊರೆಗಳು ಒಂದು ಕನ್ನಡ ಕರಪತ್ರ ಮಾಡಿ ನಮ್ಮ ಕಾಲೇಜುಗಳಿಗೆ ಹಂಚಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಪುಗಸಟ್ಟೆ ಚೀಟಿಗೆ ಬೆಲೆ ಕಟ್ಟಿದವರು

ಈಗ ಮೇಲಿನ ವಿವರವನ್ನು ಓದಿಕೊಂಡ ನೀವು ಏಜೆಂಟನ ಮುಂದೆ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಅವನು 'ವೀಸಾ ಗ್ಯಾರಂಟಿ' ಎಂದ ಕೂಡಲೇ ನಿಮಗೆ ನಗು ಬರುತ್ತದೆ. ಚೀಟಿ ಎತ್ತುವ ಕಡೆ ಗ್ಯಾರಂಟಿ ಕೊಡುವವನು ಯಾವ ದೇವರು? 'ರಿಜಿಸ್ಟ್ರೇಷನ್ ಫೀ ಇಪ್ಪತ್ತು ಸಾವಿರ' ಎಂದ ಕೂಡಲೇ ಎದ್ದು ಬರುತ್ತೀರಿ. ಸೊನ್ನೆ ರೂಪಾಯಿಯ ಕೆಲಸಕ್ಕೆ ಇಪ್ಪತ್ತು ಸಾವಿರ ಯಾಕೆ? 'ಕೆಲಸವೂ ರೆಡಿ ಇದೆ' ಎಂದರೆ, ಈ ಪರವಾನಗಿಯಲ್ಲಿ ಮೊದಲೇ ಕೆಲಸ ಗೊತ್ತಾಗಿರಬೇಕೆಂಬ ನಿಯಮವೇ ಇಲ್ಲವಲ್ಲ ಎಂದು ತಿರುಗಿ ಕೇಳುತ್ತೀರಿ. 'ಎರಡು ವರ್ಷ ಆದ ಮೇಲೆ ನಾವೇ ಎಕ್ಸ್‌ಟೆಂಡ್ ಮಾಡಿಸ್ತೀವಿ' ಎಂದರೆ ಪೊಲೀಸ್ ಸ್ಟೇಷನ್ನಿನ ದಾರಿ ಹಿಡಿಯುತ್ತೀರಿ.

ಇದೆಲ್ಲಕ್ಕಿಂತ ಅಪಾಯದ ಮಾತು ಇನ್ನೊಂದಿದೆ. 'ಮೂರು ಲಕ್ಷ ಇಲ್ಲವಾ? ಪರವಾಗಿಲ್ಲ, ಪೇಪರ್ ನಾವು ರೆಡಿ ಮಾಡ್ತೀವಿ.' ಜೋಕೆ! ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಬ್ರಿಟನ್ನಿನ ವಲಸೆ ನಿಯಮದ ಪ್ರಕಾರ ಹತ್ತು ವರ್ಷದವರೆಗೆ ಆ ದೇಶದ ಬಾಗಿಲು ಮುಚ್ಚುತ್ತದೆ. ಮುಚ್ಚುವುದು ಏಜೆಂಟನಿಗಲ್ಲ, ಅರ್ಜಿಯ ಮೇಲೆ ಹೆಸರಿರುವವನಿಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಏಜೆಂಟ ಮಾತ್ರ ಬೋರ್ಡ್ ಬದಲಾಯಿಸಿ ಮುಂದಿನ ಬೀದಿಯಲ್ಲಿ ಅಂಗಡಿ ಇಡುತ್ತಾನೆ.

ನೋಡಿದಿರಾ? ವಿಷಯ ತಾಯ್ನುಡಿಯಲ್ಲಿ ಗೊತ್ತಾದ ಕೂಡಲೇ ಮೋಸಗಾರನ ಬಾಯಿ ಕಟ್ಟುತ್ತದೆ. ಅದಕ್ಕೇ ಅದು ಕನ್ನಡದಲ್ಲಿ ಬರಬಾರದು!

'ಲಂಡನ್ನಿಗೆ ಹೋಗುವವನಿಗೆ ಕನ್ನಡ ಯಾಕೆ?'

ಇಲ್ಲೊಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ. 'ಅಲ್ಲ ಸ್ವಾಮಿ, ಲಂಡನ್ನಿನಲ್ಲಿ ದುಡಿಯುವವನಿಗೆ ಇಂಗ್ಲಿಷ್ ಬರಲೇಬೇಕಲ್ಲ? ಇಂಗ್ಲಿಷ್ ಕಾಗದ ಓದಲಾರದವನು ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕುತ್ತಾನೆ?'

ಒಳ್ಳೆಯ ಪ್ರಶ್ನೆ. ಎರಡು ಉತ್ತರ ಇದೆ.

ಮೊದಲನೆಯದು, ಕೆಲಸದ ಇಂಗ್ಲಿಷ್ ಬೇರೆ, ಕರಾರಿನ ಇಂಗ್ಲಿಷ್ ಬೇರೆ. ನಮ್ಮ ಹಾಸನದ, ಹಾವೇರಿಯ, ರಾಯಚೂರಿನ ಹುಡುಗಿ ಕಂಪ್ಯೂಟರ್ ಮುಂದೆ ಕೂತು ಇಂಗ್ಲಿಷಿನಲ್ಲಿ ಎಂಥ ಕೆಲಸವನ್ನಾದರೂ ಮಾಡಿಯಾಳು. ಆದರೆ ವಕೀಲ ಬರೆದುಕೊಟ್ಟ ಎಂಟು ಪಾಯಿಂಟಿನ ಇಂಗ್ಲಿಷ್, ಹೈಕೋರ್ಟಿನ ವಕೀಲನಿಗೂ ಎರಡು ಸಲ ಓದಿಸುತ್ತದೆ. 'ನಾನ್-ರಿಫಂಡಬಲ್' ಎಂಬ ಒಂದು ಪದ ಸಣ್ಣ ಅಕ್ಷರದಲ್ಲಿ ಆರನೇ ಪುಟದ ಮೂಲೆಯಲ್ಲಿ ಅಡಗಿ ಕೂತಿರುತ್ತದೆ. ಅದೇ ಜಾಗದಲ್ಲಿ 'ಕೊಟ್ಟ ಹಣ ಯಾವ ಕಾರಣಕ್ಕೂ ವಾಪಸ್ ಇಲ್ಲ' ಎಂದು ದಪ್ಪ ಕನ್ನಡದಲ್ಲಿ ಅಚ್ಚಾಗಿದ್ದರೆ ಎಷ್ಟು ಮಂದಿ ರುಜು ಹಾಕುತ್ತಿದ್ದರು ಹೇಳಿ!

ಎರಡನೆಯದು ಇನ್ನೂ ಮುಖ್ಯ. ವೀಸಾ ಮಗಳ ಹೆಸರಿಗೆ, ಸಾಲ ಅಪ್ಪನ ಹೆಸರಿಗೆ! ಆ ಮೂರು ಲಕ್ಷ, ಈ ಎರಡು ಲಕ್ಷ ಎಲ್ಲಿಂದ ಬರುತ್ತದೆ? ಇಪ್ಪತ್ತೆರಡು ವರ್ಷದ ಹುಡುಗಿಯ ಜೇಬಿನಿಂದ ಬರುವುದಿಲ್ಲ. ಅಮ್ಮನ ಬಳೆ ಒತ್ತೆಗೆ ಹೋಗುತ್ತದೆ. ಎರಡೆಕರೆ ತೋಟದ ಪಹಣಿ ಸೊಸೈಟಿಗೆ ಹೋಗುತ್ತದೆ. ಸೋದರಮಾವ ಕೈಸಾಲ ಮಾಡಿ ಕೊಡುತ್ತಾನೆ. ಮನೆಯ ನಾಲ್ಕು ಜನ ಜಗಲಿಯ ಮೇಲೆ ಕೂತು ಮಾತಾಡಿ ನಿರ್ಧಾರ ಮಾಡುವ ವಿಷಯ ಇದು. ಆ ಜಗಲಿಯ ಭಾಷೆ ಕನ್ನಡ. ಅಪಾಯ ಹೊರುವವನು ಅಪ್ಪ, ಓದಲಾಗದಂತೆ ಕಾಗದ ಬರೆದಿರುವುದೂ ಅಪ್ಪನಿಗೇ. ಹಣ ಕೊಡುವವನಿಗೆ ಏನಕ್ಕೆ ಕೊಡುತ್ತಿದ್ದೇನೆ ಎಂದು ಓದಿ ತಿಳಿಯುವ ಹಕ್ಕಿಲ್ಲವೇ?

ಓದಲಾಗದ ಕಾಗದ ಯುದ್ಧಕ್ಕೆ ಕಳಿಸಿತು

ಇದೇನು ಮಹಾ, ಹತ್ತಿಪ್ಪತ್ತು ಸಾವಿರ ಹೋದರೆ ಹೋಗಲಿ ಎನ್ನುವವರು ಕಲಬುರಗಿ ಕಡೆ ಒಮ್ಮೆ ತಿರುಗಿ ನೋಡಲಿ.

2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾಕ್ಕೆ ಹೋದರು. ಭದ್ರತಾ ಕೆಲಸ, ಸಹಾಯಕನ ಕೆಲಸ ಎಂದು ಏಜೆಂಟರು ನಂಬಿಸಿದ್ದರು. ಅಲ್ಲಿ ರಷ್ಯನ್ ಭಾಷೆಯ ಕರಾರಿಗೆ ರುಜು ಹಾಕಿಸಿದರು. ಆ ಕಾಗದದಲ್ಲಿ ಏನಿದೆ ಎಂದು ತಿಳಿಯುವ ಹೊತ್ತಿಗೆ ಹುಡುಗರು ಉಕ್ರೇನ್ ಯುದ್ಧದ ಗಡಿಯಲ್ಲಿದ್ದರು! ಇತ್ತ ಅಪ್ಪ ಅಮ್ಮ ಕಂಡಕಂಡವರ ಕಾಲು ಹಿಡಿದು ಅಲೆದರು. 2024ರ ಮಾರ್ಚ್‌ನಲ್ಲಿ ಸಿಬಿಐ ಇಂಥ ಏಜೆಂಟರ ಜಾಲದ ಮೇಲೆ ಮೊಕದ್ದಮೆ ಹೂಡಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಈ ವಿಷಯ ಎತ್ತಬೇಕಾಯಿತು. ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗರು ಜೀವ ಕೈಯಲ್ಲಿ ಹಿಡಿದು ಊರಿಗೆ ಬಂದರು. ಬೇರೆ ರಾಜ್ಯಗಳ ಕೆಲವರು ಬರಲೇ ಇಲ್ಲ.

ಒಬ್ಬನ ರುಜು ಬಿಡಿಸಲು ಎರಡು ದೇಶದ ಸರ್ಕಾರಗಳು ಕೂತು ಮಾತಾಡಬೇಕಾಯಿತು. ರುಜು ಹಾಕುವ ಮೊದಲು ಅದನ್ನು ಓದಿ ಹೇಳಲು ಒಬ್ಬ ಸಾಕಾಗಿತ್ತು!

ರಷ್ಯಾದ ಕಾವಲು ಕೆಲಸಕ್ಕೂ ಲಂಡನ್ನಿನ ಕಚೇರಿ ಕೆಲಸಕ್ಕೂ ಏನು ಸಂಬಂಧ ಎನ್ನಬೇಡಿ. ಓದಲಾಗದ ಕಾಗದಕ್ಕೆ ರುಜು ಹಾಕುವ ಅಭ್ಯಾಸ ಒಂದೇ. ಪದವೀಧರನೂ ಅದಕ್ಕೆ ಹೊರತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಹೊರಡಿಸಿತ್ತು. ಕಂಪ್ಯೂಟರ್ ಬಲ್ಲ ಯುವಕರಿಗೆ ಥಾಯ್ಲೆಂಡಿನಲ್ಲಿ ಕೆಲಸ ಎಂದು ಆಸೆ ತೋರಿಸಿ, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು ಕೂಡಿಹಾಕುತ್ತಿದ್ದಾರೆ ಎಂದು. ಅವರೆಲ್ಲ ಓದಿದವರು. ಇಂಗ್ಲಿಷ್ ಬಲ್ಲವರು!

ವೆಲ್ಷ್‌ಗೆ ಇರುವ ಮರ್ಯಾದೆ

ಈಗ ಒಂದು ತಮಾಷೆ ಕೇಳಿ. ಬ್ರಿಟನ್ ವೀಸಾ ಅರ್ಜಿಯ ಜೊತೆ ನೀವು ಕೊಡುವ ದಾಖಲೆ ಯಾವ ಭಾಷೆಯಲ್ಲಿರಬೇಕು? ಇಂಗ್ಲಿಷ್ ಎಂದಿರಾ? ಅರ್ಧ ಸರಿ. ನಿಯಮ ಹೇಳುವುದು, ಇಂಗ್ಲಿಷ್ ಅಥವಾ ವೆಲ್ಷ್! ಈ ಎರಡರಲ್ಲಿ ಇಲ್ಲದ ದಾಖಲೆಗೆ ಪ್ರಮಾಣೀಕರಿಸಿದ ಅನುವಾದ ಲಗತ್ತಿಸಬೇಕು.

ಈ ವೆಲ್ಷ್ ಮಾತಾಡುವವರು ಎಷ್ಟು ಕೋಟಿ? ಕೋಟಿಯ ಮಾತೇ ಇಲ್ಲ. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ನಮ್ಮ ಒಂದೆರಡು ತಾಲ್ಲೂಕಿನ ಜನ. ಆದರೆ ಅವರು ಹೋರಾಡಿದರು, 1993ರಲ್ಲಿ ವೆಲ್ಷ್ ಭಾಷಾ ಕಾಯ್ದೆ ಪಡೆದರು, 2011ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. ಇಂದು ಬ್ರಿಟಿಷ್ ಪಾಸ್‌ಪೋರ್ಟಿನ ಒಳಗೆ ವೆಲ್ಷ್ ಅಕ್ಷರ ಇದೆ. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಕನ್ನಡ ನಮ್ಮದೇ ದೇಶದ ಪಾಸ್‌ಪೋರ್ಟಿನಲ್ಲಿ ಎಲ್ಲಿದೆ? ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡಿಗ ಪಾಸ್‌ಪೋರ್ಟ್ ಕೈಗೆತ್ತಿಕೊಂಡ ಕ್ಷಣದಿಂದಲೇ ಪರದೇಶಿ!

ಬ್ರಿಟಿಷರನ್ನು ಬೈಯುತ್ತಿಲ್ಲ. ಅವರ ಮನೆ, ಅವರ ನಿಯಮ. ಜಪಾನ್ ತನ್ನ 'ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್' ಪರವಾನಗಿಗೆ ಜಪಾನಿ ಭಾಷೆಯ ಪರೀಕ್ಷೆ ಪಾಸಾಗಿ ಬಾ ಎನ್ನುತ್ತದೆ. ಜರ್ಮನಿ ನರ್ಸುಗಳಿಗೆ ಜರ್ಮನ್ ಕಲಿತು ಬಾ ಎನ್ನುತ್ತದೆ. ನಮ್ಮ ಮಕ್ಕಳು ಚಕಾರ ಎತ್ತದೆ ಕಲಿಯುತ್ತಾರೆ. ಕಲಿಯಲಿ, ಸಂತೋಷ. ಕೆಲಸಕ್ಕೆ ಬರುವವನಿಗೆ ನೆಲದ ಭಾಷೆ ಗೊತ್ತಿರಬೇಕು ಎಂಬುದು ಆ ದೇಶಗಳಲ್ಲಿ ಸಹಜ ಮಾತು. ನಾವು ಬೆಂಗಳೂರಿನಲ್ಲಿ ಅದೇ ಮಾತಾಡಿದರೆ ಮಾತ್ರ ನಾವು ಸಂಕುಚಿತರು!

ಇನ್ನೊಂದು ಸಂಗತಿ. 2025ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರ್ಕಾರವೇ ಪಂಜಾಬಿನಲ್ಲಿ ವೀಸಾ ಮೋಸದ ವಿರುದ್ಧ ಪ್ರಚಾರ ಶುರುಮಾಡಿತು. ಹೆಸರೇನು? 'ವೀಸಾ ಫ್ರಾಡ್ ತೋಂ ಬಚೋ'. ಪಂಜಾಬಿ! ಸಹಾಯಕ್ಕೆ ಒಂದು ವಾಟ್ಸಾಪ್ ನಂಬರ್ ಕೊಟ್ಟರು. ಇಂಗ್ಲಿಷ್ ಮತ್ತು ಪಂಜಾಬಿಯಲ್ಲಿ! ಜನಕ್ಕೆ ತಲುಪಬೇಕಾದರೆ ಜನರ ಭಾಷೆಯಲ್ಲಿ ಹೇಳಬೇಕು ಎಂದು ಲಂಡನ್ನಿಗೆ ಗೊತ್ತಿದೆ. ದೆಹಲಿಗೆ ಗೊತ್ತಿಲ್ಲ. ವಿಧಾನಸೌಧಕ್ಕೆ ಗೊತ್ತಿದ್ದೂ ನೆನಪಿಲ್ಲ. ಬೆಂಗಳೂರಿನಲ್ಲೂ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ ಇದೆ. ಪಂಜಾಬಿಗೆ ಕೊಟ್ಟದ್ದನ್ನು ಕನ್ನಡಕ್ಕೂ ಕೊಡಿ ಎಂದು ನಮ್ಮ ಯಾವ ಸಂಸದ ಅವರ ಬಾಗಿಲು ತಟ್ಟಿದ್ದಾನೆ?

ಬೋರ್ಡಿನಲ್ಲಿ ಅರವತ್ತು, ಕರಾರಿನಲ್ಲಿ ಸೊನ್ನೆ

ಕಾನೂನು ಇಲ್ಲವೇ ಎಂದರೆ, ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಮಾಲೀಕರಿಗೆ ಜನ ಒದಗಿಸುವ ಏಜೆಂಟ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಇಲ್ಲದಿದ್ದರೆ ಎರಡು ವರ್ಷದವರೆಗೆ ಜೈಲು. ಕೆಲಸಕ್ಕೆ ಹೋಗುವವನಿಂದ ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ. ಜಿಎಸ್‌ಟಿ ಬಿಟ್ಟು 30,000 ರೂಪಾಯಿ. ಲಕ್ಷ ಲಕ್ಷ ಕೇಳುವವನು ಅಲ್ಲೇ ಕಾನೂನು ಮುರಿದಾಯಿತು. ಈ ಎರಡು ಸಾಲು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಇರಬೇಕಿತ್ತು.

ಆದರೆ ಬ್ರಿಟನ್ನಿನ ಚೀಟಿ ಯೋಜನೆಯಂಥವುಗಳಲ್ಲಿ ಒಂದು ಕಂಡಿ ಇದೆ. ಅಲ್ಲಿ ಮಾಲೀಕನೂ ಇಲ್ಲ, ನೇಮಕಾತಿಯೂ ಇಲ್ಲ. ಆದ್ದರಿಂದ ಏಜೆಂಟ 'ನಾನು ಬರೀ ಕನ್ಸಲ್ಟೆಂಟ್, ಅರ್ಜಿ ತುಂಬಿಸಿಕೊಡುವವನು' ಎಂದು ನುಣುಚಿಕೊಳ್ಳುತ್ತಾನೆ. ಇಂಥವರನ್ನು ಹಿಡಿಯಲೆಂದೇ ಪಂಜಾಬ್ 2012ರಲ್ಲಿ ಸ್ವಂತ ಕಾಯ್ದೆ ಮಾಡಿ ಲೈಸೆನ್ಸ್ ಕಡ್ಡಾಯ ಮಾಡಿತು. ಹರಿಯಾಣ 2025ರಲ್ಲಿ ಮಾಡಿತು. ಕರ್ನಾಟಕ ಇನ್ನು ಯಾರ ಮನೆ ಹಾಳಾಗಲೆಂದು ಕಾಯಬೇಕು?

ನಮ್ಮಲ್ಲೂ ಒಂದು ಕಾಯ್ದೆ ಬಂತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದರು. ಅದಕ್ಕಾಗಿ ನಮ್ಮ ಕಾರ್ಯಕರ್ತರು ಬೀದಿಗಿಳಿದು ಲಾಠಿ ತಿಂದರು, ಜೈಲಿಗೆ ಹೋದರು. ಗೆದ್ದೆವು. ಏಜೆಂಟನ ಅಂಗಡಿಯ ಮೇಲೂ ಈಗ ದೊಡ್ಡ ಕನ್ನಡ ಬೋರ್ಡು. ಒಳಗಿನ ಕರಾರಿನಲ್ಲಿ ಕನ್ನಡ ಎಷ್ಟು ಶೇಕಡ? ಸೊನ್ನೆ! ಬೋರ್ಡು ಹೊರಗಿನವರಿಗೆ ಕಾಣುವ ಕನ್ನಡ. ಕರಾರು ಕನ್ನಡಿಗನನ್ನು ಕಾಪಾಡುವ ಕನ್ನಡ. ಬಾಗಿಲಿಗೆ ತೋರಣ ಕಟ್ಟಿ ಒಳಗೆ ಕನ್ನಡಮ್ಮನನ್ನು ಉಪವಾಸ ಕೂರಿಸಿದರೆ ಏನು ಬಂತು?

ಕೆಲವರು ಕೇಳಬಹುದು, ಕನ್ನಡದ ಮಕ್ಕಳು ಊರು ಬಿಟ್ಟು ಹೋಗಲು ನೀವೇಕೆ ದಾರಿ ತೋರಿಸುತ್ತೀರಿ ಎಂದು. ಸ್ವಾಮಿ, ಉಡುಪಿಯವರು ಮುಂಬೈಗೆ ಹೋಗಿ ಹೋಟೆಲ್ ಕಟ್ಟಿದರು, ಮಂಗಳೂರಿನವರು ಕೊಲ್ಲಿ ದೇಶಗಳಿಗೆ ಹೋಗಿ ಮನೆ ಕಟ್ಟಿದರು. ಹೋದವರೆಲ್ಲ ಕನ್ನಡ ಮರೆಯಲಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನ ಪ್ರತಿಮೆ ನಿಂತದ್ದು ಕಡಲಾಚೆ ಹೋದ ಕನ್ನಡಿಗರ ಹಟದಿಂದ. ಸಂಸ್ಕೃತದಲ್ಲಿ ಬೀಗ ಹಾಕಿಟ್ಟಿದ್ದನ್ನು ಆಡುವ ಕನ್ನಡದಲ್ಲಿ ಬೀದಿಗೆ ತಂದವನು ಆ ಬಸವಣ್ಣ. ಇಲ್ಲೇ ಕೆಲಸ ಕೊಡಿ ಎಂದು ಸರೋಜಿನಿ ಮಹಿಷಿ ವರದಿ 1986ರಲ್ಲೇ ಹೇಳಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಾತಿಯ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದರಿದ ಕೂಡಲೇ ಎರಡೇ ದಿನದಲ್ಲಿ ತಡೆಹಿಡಿಯಿತು. ಇಲ್ಲಿ ಕೆಲಸ ಕೊಡುವ ಎದೆಗಾರಿಕೆ ಇಲ್ಲ. ಹೋಗುವವನ ಕೈಗೆ ಕನ್ನಡದ ಒಂದು ಕಾಗದ ಕೊಡುವ ಯೋಗ್ಯತೆಯೂ ಇಲ್ಲವೇ?

ನಮ್ಮ ಬೇಡಿಕೆಗಳು ಇವು

ಒಂದು: ವಿದೇಶಿ ಕೆಲಸ, ವಿದೇಶಿ ಪರವಾನಗಿಗೆ ಸಂಬಂಧಿಸಿ ಕರ್ನಾಟಕದಲ್ಲಿ ರುಜು ಹಾಕಿಸುವ ಪ್ರತಿ ಕರಾರಿಗೂ ಕನ್ನಡದ ಪ್ರತಿ ಲಗತ್ತಿಸಬೇಕು. ಎರಡರಲ್ಲಿ ವ್ಯತ್ಯಾಸ ಬಂದರೆ ಕನ್ನಡದ ಪ್ರತಿಯೇ ಅಂತಿಮ ಎಂದು ಕಾನೂನಾಗಬೇಕು. ಆಮೇಲೆ ನೋಡಿ, ಅನುವಾದ ಎಷ್ಟು ಚೊಕ್ಕವಾಗಿ ಬರುತ್ತದೆ!

ಎರಡು: ಚುನಾವಣಾ ಕರಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು. ನಾವು ಮುದ್ರಕರೆಲ್ಲ ಅದನ್ನು ಪಾಲಿಸುತ್ತೇವೆ. ವಿದೇಶಿ ಉದ್ಯೋಗದ ಕರಪತ್ರಕ್ಕೂ ಇದೇ ನಿಯಮ ಬರಲಿ. ಏಜೆಂಟನ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇಲ್ಲದ ಕರಪತ್ರವನ್ನು ಯಾವ ಪ್ರೆಸ್ಸೂ ಮುಟ್ಟಬಾರದು. ಕಾನೂನು ಬರುವವರೆಗೆ ಕಾಯಬೇಡಿ, ಮುದ್ರಕ ಮಿತ್ರರೇ. ಇಂದಿನಿಂದಲೇ 'ನಂಬರ್ ಕೊಡಿ' ಎನ್ನಿ.

ಮೂರು: ಪಂಜಾಬಿನ ಹಾಗೆ ವೀಸಾ ಕನ್ಸಲ್ಟೆಂಟರಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಕಡ್ಡಾಯವಾಗಲಿ.

ನಾಲ್ಕು: ಪ್ರತಿ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯಲ್ಲಿ ಇಂಥ ಪರವಾನಗಿಗಳ ಅರ್ಹತೆ, ಶುಲ್ಕ, ಅವಧಿ, ಷರತ್ತುಗಳ ಕನ್ನಡ ಕೈಪಿಡಿ ಉಚಿತವಾಗಿ ಸಿಗಲಿ. ವರ್ಷಕ್ಕೊಮ್ಮೆ ತಿದ್ದಿ ಅಚ್ಚು ಹಾಕಲಿ. ಕಾಗದ ತಂದವನಿಗೆ ಅದನ್ನು ಓದಿ ಅರ್ಥ ಹೇಳುವ ಒಬ್ಬ ನೌಕರ ಅಲ್ಲಿರಲಿ.

ಐದು: 1983ರ ಕಾಯ್ದೆಯ ಬದಲಿಗೆ ತರಲು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೊಸ ಮಸೂದೆಯ ಕರಡು ಹೊರಡಿಸಿತು. ಹೊಸ ಕಾಯ್ದೆಯೋ ಹಳೆಯದೋ, 'ಕೆಲಸಕ್ಕೆ ಹೋಗುವವನ ಭಾಷೆಯಲ್ಲೇ ಕರಾರು' ಎಂಬ ಒಂದು ಸಾಲು ಅದರಲ್ಲಿ ಸೇರಬೇಕು. ಕರ್ನಾಟಕದ 28 ಲೋಕಸಭಾ ಸದಸ್ಯರು ಈ ಒಂದು ಸಾಲಿಗಾಗಿ ಬಾಯಿ ತೆರೆಯಲಿ. ಇಲ್ಲವಾದರೆ ಮುಂದಿನ ಸಲ ಮತ ಕೇಳಲು ಬಂದಾಗ ಅವರ ಮುಂದೆಯೂ ಒಂದು ಕಾಗದ ಇಡೋಣ. ಅವರಿಗೆ ಬಾರದ ಭಾಷೆಯಲ್ಲಿ ಬರೆದು, 'ಇಲ್ಲಿ ಸೈನ್ ಮಾಡಿ ಸಾರ್' ಎನ್ನೋಣ!

ಓದುಗರೇ, ಕೊನೆಯ ಮಾತು ನಿಮಗೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಪರದೇಶಕ್ಕೆ ಹೊರಟ ಮಕ್ಕಳಿದ್ದರೆ ಈ ಹಾಳೆ ಅವರ ಕೈಗೆ ಕೊಡಿ. ಕರಾರು ಮುಂದೆ ಬಂದಾಗ ಪೆನ್ನು ಕೆಳಗಿಟ್ಟು ಒಂದೇ ಮಾತು ಹೇಳಲು ಕಲಿಸಿ: 'ಕನ್ನಡದಲ್ಲಿ ಕೊಡಿ, ಮನೆಯಲ್ಲಿ ಓದಿ ನಾಳೆ ಬರುತ್ತೇನೆ.' ಸಾಚಾ ಮನುಷ್ಯನಾದರೆ ಕೊಡುತ್ತಾನೆ. ಕಳ್ಳನಾದರೆ ಸಿಡಿಮಿಡಿಗುಟ್ಟುತ್ತಾನೆ. ಆ ಸಿಡಿಮಿಡಿಯೇ ನಿಮ್ಮ ಮೂರು ಲಕ್ಷ ಉಳಿಸುತ್ತದೆ.

ಓದಲಾಗದ ಕಾಗದಕ್ಕೆ ರುಜು ಇಲ್ಲ! ಕನ್ನಡದ ಕರಾರು ನಮ್ಮ ಹಕ್ಕು!

ಸಿರಿಗನ್ನಡಂ ಗೆಲ್ಗೆ!